ಮರಡೋನಾ: ಯಾವ ತಪ್ಪಿಗೆ ಎಷ್ಟು ತೂಕ?

(ಉಪನ್ಯಾಸದ ಧ್ವನಿಮುದ್ರಣದಿಂದ ಸಿದ್ಧಪಡಿಸಿದ ಬರಹ)

ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಮರಡೋನಾ ಹೆಸರು ಹೇಳಿದ ಕೂಡಲೇ ಯಾರಾದರೂ ಒಬ್ಬರು ಎಡಗೈ ಎತ್ತಿ ತೋರಿಸಿ ನಗುತ್ತಾರೆ. ಈಗಲೂ ಹಿಂದಿನ ಸಾಲಿನಲ್ಲಿ ಒಬ್ಬರು ತೋರಿಸಿದರು, ನಾನು ನೋಡಿದೆ. ಸರಿ, ಕೈಯಲ್ಲಿ ಹೊಡೆದ ಆ ಗೋಲಿಗೆ ಬರೋಣ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನ ವಿವಾದಗಳಲ್ಲೆಲ್ಲ ನನಗೆ ತೀರಾ ಚಿಕ್ಕದು ಅನಿಸುವುದು ಅದೇ ಗೋಲು. ನಾವು ಜಾಸ್ತಿ ಮಾತಾಡುವುದೂ ಅದರ ಬಗ್ಗೆಯೇ.

ಕೈಯಲ್ಲಿ ಹೊಡೆದ ಗೋಲು, ಕೊಕೇನ್, ಡೋಪಿಂಗ್, ಮಾಫಿಯಾದವರ ಜೊತೆ ಫೋಟೊ, ತೆರಿಗೆ ಬಾಕಿ, ಪತ್ರಕರ್ತರ ಮೇಲೆ ಏರ್‌ಗನ್, ಹೆತ್ತ ಮಗನನ್ನು ಮಗ ಅಂತ ಒಪ್ಪದೇ ಇದ್ದದ್ದು, ಹೆಂಗಸರ ಆರೋಪಗಳು. ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ, ಮೇಲೆ 'ವಿವಾದ' ಅಂತ ಚೀಟಿ ಅಂಟಿಸಿಬಿಡುತ್ತೇವೆ. ಆಮೇಲೆ 'ಆದರೂ ಎಂಥಾ ಆಟಗಾರ!' ಅಂತ ಒಂದು ಮಾತು. ಅಲ್ಲಿಗೆ ಮುಗಿಯಿತು. ಇವತ್ತು ಒಂದೊಂದನ್ನೇ ಹೊರಗೆ ತೆಗೆದು ಬೇರೆ ಬೇರೆ ತೂಗೋಣ. ಕೆಲವು ಅವನು ಮಾಡಿದ ತಪ್ಪು. ಕೆಲವು ಅವನಿಗೆ ಆದ ಅನ್ಯಾಯ. ಒಂದಂತೂ ಕಾಯಿಲೆ.

ಅಂದ ಹಾಗೆ, ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ದೇವರನ್ನೂ ನಾವು ಹಾಗೇ ಕರೆಯುತ್ತೇವಲ್ಲ. ಅರ್ಜೆಂಟೀನಾದ ರೊಸಾರಿಯೊ ಊರಿನಲ್ಲಿ 1998ರಲ್ಲಿ ಅವನ ಹೆಸರಿನಲ್ಲಿ ಒಂದು ಚರ್ಚೇ ಶುರುವಾಯಿತು. ಅರ್ಧ ತಮಾಷೆ, ಅರ್ಧ ಭಕ್ತಿ. ಅವರು ವರ್ಷ ಎಣಿಸುವುದು 1960ರಿಂದ, ಅಂದರೆ ಅವನು ಹುಟ್ಟಿದ ವರ್ಷದಿಂದ.

ಹುಟ್ಟಿದ್ದು ಅಕ್ಟೋಬರ್ 30ಕ್ಕೆ. ಬೆಳೆದದ್ದು ಬ್ಯೂನಸ್ ಐರಿಸ್‌ನ ದಕ್ಷಿಣ ಅಂಚಿನ ವಿಯಾ ಫಿಯೊರಿಟೊ ಅನ್ನುವ ಕೊಳೆಗೇರಿಯಲ್ಲಿ. ತಗಡಿನ ಮನೆ, ಮಣ್ಣು ರಸ್ತೆ, ಮನೆಯೊಳಗೆ ನಲ್ಲಿ ಇಲ್ಲ. ಎಂಟು ಮಕ್ಕಳಲ್ಲಿ ಐದನೆಯವನು, ನಾಲ್ಕು ಹೆಣ್ಣುಮಕ್ಕಳ ನಂತರದ ಮೊದಲ ಗಂಡು. ಅಪ್ಪ ಮೂಳೆ ಪುಡಿ ಮಾಡುವ ಕಾರ್ಖಾನೆಯಲ್ಲಿ ಕೂಲಿ. ಊಟದ ಹೊತ್ತಿಗೆ ಅಮ್ಮ 'ನನಗೆ ಹೊಟ್ಟೆನೋವು' ಅನ್ನುತ್ತಿದ್ದಳಂತೆ. ಇದ್ದದ್ದು ಮಕ್ಕಳಿಗೆ ಸಾಲಲಿ ಅಂತ ಹಾಗೆ ಹೇಳುತ್ತಿದ್ದಳು ಅಂತ ಅವನಿಗೆ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಇದನ್ನು ಅವನು ಎಷ್ಟೋ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ.

ಎಂಟು ವರ್ಷದ ಹುಡುಗ ಅರ್ಜೆಂಟೀನೋಸ್ ಜೂನಿಯರ್ಸ್ ಕ್ಲಬ್ಬಿಗೆ ಆಯ್ಕೆಗೆ ಬಂದಾಗ ಫ್ರಾನ್ಸಿಸ್ಕೊ ಕೊರ್ನೆಹೊ ಅನ್ನುವ ಕೋಚ್ ನಂಬಲಿಲ್ಲ. ಇವನು ವಯಸ್ಸು ಮುಚ್ಚಿಡುತ್ತಿದ್ದಾನೆ ಅಂದುಕೊಂಡು ದಾಖಲೆ ಕೇಳಿದ. ಆ ಮಕ್ಕಳ ತಂಡದ ಹೆಸರು 'ಸೆಬೊಲ್ಲಿತಾಸ್', ಪುಟ್ಟ ಈರುಳ್ಳಿಗಳು. ಸೋಲದೆ 136 ಪಂದ್ಯ ಆಡಿದ ತಂಡ ಅದು. ದೊಡ್ಡವರ ಪಂದ್ಯದ ಬಿಡುವಿನಲ್ಲಿ ಇವನನ್ನು ಮೈದಾನಕ್ಕೆ ಬಿಡುತ್ತಿದ್ದರು. ಕಾಲು, ತೊಡೆ, ಹಣೆ, ಭುಜದ ಮೇಲೆ ಚೆಂಡು ಕುಣಿಸುತ್ತಿದ್ದ. 1971ರಲ್ಲಿ 'ಕ್ಲಾರಿನ್' ಪತ್ರಿಕೆ ಈ ಹುಡುಗನ ಬಗ್ಗೆ ಬರೆದು ಹೆಸರನ್ನು 'ಕರಡೋನಾ' ಅಂತ ಅಚ್ಚು ಹಾಕಿತು.

16 ತುಂಬಲು ಹತ್ತು ದಿನ ಇರುವಾಗ, 1976ರ ಅಕ್ಟೋಬರ್ 20ರಂದು, ಮೊದಲ ದರ್ಜೆಯ ಪಂದ್ಯಕ್ಕೆ ಇಳಿದ. ಕೋಚ್ ಹೇಳಿದ್ದು ಇಷ್ಟೇ: ನಿನಗೆ ಗೊತ್ತಿರುವ ಹಾಗೆ ಆಡು, ಆದರೆ ಯಾರದಾದರೂ ಕಾಲುಗಳ ನಡುವೆ ಚೆಂಡು ತೂರಿಸು. ಹೋದ ಕೂಡಲೇ ತೂರಿಸಿದ. ನಾಲ್ಕು ತಿಂಗಳಲ್ಲಿ ರಾಷ್ಟ್ರೀಯ ತಂಡದಲ್ಲಿದ್ದ.

ಮುಂದೆ 1978. ವಿಶ್ವಕಪ್ ಅರ್ಜೆಂಟೀನಾದಲ್ಲೇ. ಕೋಚ್ ಮೆನೊಟ್ಟಿ ಕೊನೇ ಗಳಿಗೆಯಲ್ಲಿ ಮೂವರನ್ನು ಕೈಬಿಟ್ಟ. ಅದರಲ್ಲಿ 17 ವರ್ಷದ ಇವನೂ ಒಬ್ಬ. ತುಂಬಾ ಅತ್ತ. ಮೆನೊಟ್ಟಿಯನ್ನು ಇದೊಂದಕ್ಕೆ ಕೊನೆವರೆಗೂ ಕ್ಷಮಿಸಲಿಲ್ಲ ಅಂತ ಅವನೇ ಹೇಳಿದ್ದಾನೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಪರವಾಗಿಲ್ಲ ಅಲ್ವಾ? ಆಗ ಆ ದೇಶದಲ್ಲಿ ಸೈನ್ಯದ ಆಡಳಿತ. ಸಾವಿರಾರು ಜನ ಕಾಣೆಯಾಗಿದ್ದರು. ಫೈನಲ್ ನಡೆದ ಕ್ರೀಡಾಂಗಣದಿಂದ ಸ್ವಲ್ಪ ದೂರದಲ್ಲೇ ನೌಕಾದಳದ ಶಾಲೆಯೊಂದಿತ್ತು, ಅದೇ ಚಿತ್ರಹಿಂಸೆಯ ಕೇಂದ್ರ. ಒಳಗಿದ್ದವರಿಗೆ ಕ್ರೀಡಾಂಗಣದ ಕೂಗು ಕೇಳಿಸುತ್ತಿತ್ತು. ಮರುವರ್ಷ ಟೋಕಿಯೊದಲ್ಲಿ ಕಿರಿಯರ ವಿಶ್ವಕಪ್. ಮರಡೋನಾ ಕ್ಯಾಪ್ಟನ್, ಫೈನಲ್‌ನಲ್ಲಿ ಸೋವಿಯತ್ ತಂಡದ ಮೇಲೆ 3-1 ಗೆಲುವು. ಅದೇ ವಾರ ಮಾನವ ಹಕ್ಕುಗಳ ತನಿಖೆಗೆ ಅಮೆರಿಕ ಖಂಡದ ದೇಶಗಳ ಆಯೋಗವೊಂದು ಬ್ಯೂನಸ್ ಐರಿಸ್‌ಗೆ ಬಂದಿತ್ತು. ಕಾಣೆಯಾದವರ ಅಮ್ಮಂದಿರು ದೂರು ಕೊಡಲು ಸಾಲಿನಲ್ಲಿ ನಿಂತಿದ್ದರು. ರೇಡಿಯೊದ ಜನಪ್ರಿಯ ವೀಕ್ಷಕ ವಿವರಣೆಗಾರನೊಬ್ಬ, ಎಲ್ಲರೂ ಅದೇ ರಸ್ತೆಗೆ ಬಂದು ಗೆಲುವನ್ನು ಸಂಭ್ರಮಿಸಿ ಅಂತ ಕರೆ ಕೊಟ್ಟ. 18 ವರ್ಷದ ಹುಡುಗನ ಗೆಲುವು ಯಾರ್‍ಯಾರಿಗೆ ಬೇಕಾಗಿತ್ತು ನೋಡಿ. ಇದು ಅವನ ತಪ್ಪಲ್ಲ. ಆದರೆ ಅವನ ಕಾಲನ್ನು ಬೇರೆಯವರು ತಮ್ಮ ಕೆಲಸಕ್ಕೆ ಬಳಸಿಕೊಂಡದ್ದು ಇದೇ ಕೊನೆಯೂ ಅಲ್ಲ.

ಬೊಕಾ ಜೂನಿಯರ್ಸ್‌ನಲ್ಲಿ ಒಂದು ಲೀಗ್ ಗೆದ್ದು, 1982ರಲ್ಲಿ ಬಾರ್ಸಿಲೋನಾಕ್ಕೆ ಹೋದ. ಆ ಸ್ಪೇನ್ ಕ್ಲಬ್ ಇವನನ್ನು ಕೊಂಡದ್ದು ಆಗಿನ ಮಟ್ಟಿಗೆ ವಿಶ್ವದಾಖಲೆ ಬೆಲೆಗೆ. ಅದೇ ಬೇಸಿಗೆಯಲ್ಲಿ ಸ್ಪೇನ್‌ನಲ್ಲಿ ವಿಶ್ವಕಪ್. ಇಟಲಿಯ ಕ್ಲಾಡಿಯೊ ಜೆಂಟೈಲ್ ಅನ್ನುವ ಡಿಫೆಂಡರ್ ಒಂದೇ ಪಂದ್ಯದಲ್ಲಿ ಇವನ ಮೇಲೆ 23 ಫೌಲ್ ಮಾಡಿದ. ಅಂಗಿ ಎಳೆದ, ಮೀನಖಂಡಕ್ಕೆ ಒದ್ದ. ಕೇಳಿದರೆ 'ಫುಟ್‌ಬಾಲ್ ಬ್ಯಾಲೆ ಕುಣಿಯುವವರ ಆಟ ಅಲ್ಲ' ಅಂದ. ಮುಂದಿನ ಪಂದ್ಯದಲ್ಲಿ ಮರಡೋನಾ ತಾಳ್ಮೆ ಕಳೆದುಕೊಂಡು ಬ್ರೆಜಿಲ್‌ನ ಆಟಗಾರನೊಬ್ಬನ ಹೊಟ್ಟೆಗೆ ಒದ್ದು ರೆಡ್ ಕಾರ್ಡ್ ತಿಂದ.

ಈಗಿನ ಪಂದ್ಯ ನೋಡುವ ಹುಡುಗರಿಗೆ ಇದು ಅರ್ಥ ಆಗುವುದು ಕಷ್ಟ. ಅಪಾಯಕಾರಿಯಾಗಿ ಹಿಂದಿನಿಂದ ಟ್ಯಾಕಲ್ ಮಾಡಿದರೆ ನೇರ ರೆಡ್ ಕಾರ್ಡ್ ಅನ್ನುವ ಸ್ಪಷ್ಟ ಸೂಚನೆ ಬಂದದ್ದು 1998ರಲ್ಲಿ. ಅಷ್ಟರಲ್ಲಿ ಇವನ ಆಟವೇ ಮುಗಿದಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಅಥ್ಲೆಟಿಕ್ ಬಿಲ್ಬಾವೊದ ಗೊಯ್ಕೊಎಚಿಯಾ ಹಿಂದಿನಿಂದ ನುಗ್ಗಿ ಎಡಗಾಲಿನ ಹರಡು ಮುರಿದ. ಆ ದಿನ ಹಾಕಿದ್ದ ಬೂಟನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡ ಅಂತ ಆಮೇಲೆ ಪತ್ರಿಕೆಗಳು ಬರೆದವು. ಮೂರೂವರೆ ತಿಂಗಳಲ್ಲಿ ಮರಡೋನಾ ವಾಪಸ್ ಬಂದ. ಅದೇ ಬಿಲ್ಬಾವೊ ವಿರುದ್ಧ 1984ರ ಮೇ ತಿಂಗಳಲ್ಲಿ ಕಿಂಗ್ಸ್ ಕಪ್ ಫೈನಲ್. ಬಾರ್ಸಿಲೋನಾ 1-0ಯಲ್ಲಿ ಸೋತಿತು. ಎದುರಾಳಿಯೊಬ್ಬ ಕೆಣಕಿದ. ಇವನು ಮೊಣಕಾಲಿನಿಂದ, ತಲೆಯಿಂದ ಗುದ್ದಿದ. ಸ್ಪೇನ್‌ನ ರಾಜನ ಎದುರಿಗೇ ಎರಡೂ ತಂಡಗಳು ಮೈದಾನದ ನಡುವೆ ಒದೆದಾಡಿಕೊಂಡವು.

ಆ ಹೊಡೆದಾಟ ತಪ್ಪೇ. ಶಿಕ್ಷೆಯೂ ಆಯಿತು. ಆದರೆ ಎರಡು ವರ್ಷ ಅವನ ಕಾಲಿಗೆ ಬಿದ್ದ ಒದೆ ಎಣಿಸಿ ಆಮೇಲೆ ತೀರ್ಮಾನ ಕೊಡಿ ಅನ್ನುತ್ತೇನೆ.

ಬಾರ್ಸಿಲೋನಾದಲ್ಲೇ ಇನ್ನೊಂದು ಶುರುವಾಯಿತು. ಕೊಕೇನ್. ಇದನ್ನೂ ಅವನೇ ಹೇಳಿದ್ದು.

ಈಗ ನೇಪಲ್ಸ್. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

1984ರ ಜುಲೈ 5. ಸಾನ್ ಪಾವೊಲೊ ಕ್ರೀಡಾಂಗಣ. ಪಂದ್ಯ ಇಲ್ಲ, ಏನೂ ಇಲ್ಲ. ಹೊಸ ಆಟಗಾರನ ಮುಖ ನೋಡಲು ಎಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಬಂದಿದ್ದರು. ಮತ್ತೊಮ್ಮೆ ವಿಶ್ವದಾಖಲೆ ಬೆಲೆ. ಎರಡು ಸಲ ಆ ದಾಖಲೆ ಮುರಿದ ಮೊದಲ ಆಟಗಾರ ಇವನೇ. ಕೊಂಡ ಕ್ಲಬ್ ಯಾವುದು? ನಾಪೊಲಿ. ಹಿಂದಿನ ಸೀಸನ್‌ನಲ್ಲಿ ಕೆಳಗಿನ ದರ್ಜೆಗೆ ಇಳಿಯುವುದರಿಂದ ಕೂದಲೆಳೆಯಲ್ಲಿ ಪಾರಾದ ತಂಡ. ಅಷ್ಟು ದುಡ್ಡು ಎಲ್ಲಿಂದ ಬಂತು? ಅವತ್ತಿನ ಪತ್ರಿಕಾಗೋಷ್ಠಿಯಲ್ಲಿ ಒಬ್ಬ ಪತ್ರಕರ್ತ ಕಮೊರ್ರಾ ಹೆಸರೆತ್ತಿದ. ನೇಪಲ್ಸ್‌ನ ಮಾಫಿಯಾಕ್ಕೆ ಅಲ್ಲಿನವರು ಹೇಳುವುದು ಹಾಗೆ. ಕ್ಲಬ್ ಅಧ್ಯಕ್ಷ ಕೊರ್ರಾಡೊ ಫೆರ್ಲೈನೊ ಸಿಟ್ಟಾಗಿ ಅವನನ್ನು ಹೊರಗೆ ಕಳಿಸಿದ.

ಇಟಲಿಯ ಉತ್ತರ ಶ್ರೀಮಂತ, ದಕ್ಷಿಣ ಬಡವ. ಕಾರ್ಖಾನೆ, ಬ್ಯಾಂಕು, ಕಪ್ಪುಗಳೆಲ್ಲ ಟ್ಯೂರಿನ್ ಮತ್ತು ಮಿಲಾನ್‌ನಲ್ಲಿ. ನಾಪೊಲಿ ಅಲ್ಲಿಗೆ ಆಡಲು ಹೋದರೆ ಗ್ಯಾಲರಿಯಿಂದ ಏನು ಕೂಗುತ್ತಿದ್ದರು ಗೊತ್ತಾ? 'ಹೋಗಿ ಸ್ನಾನ ಮಾಡಿ.' 'ಕಾಲರಾದವರು.' 1973ರಲ್ಲಿ ನೇಪಲ್ಸ್‌ಗೆ ಕಾಲರಾ ಬಂದಿತ್ತು, 1980ರಲ್ಲಿ ಭೂಕಂಪ. ಎರಡನ್ನೂ ಬೈಗುಳ ಮಾಡಿಕೊಂಡಿದ್ದರು. ವಿಯಾ ಫಿಯೊರಿಟೊದಿಂದ ಬಂದವನಿಗೆ ಈ ಬೈಗುಳ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಲ್ಲಿ ಅವನು ಮಾಡಿದ ಒಂದು ಕೆಲಸ ನನಗೆ ಯಾವ ಕಪ್ಪಿಗಿಂತ ಹೆಚ್ಚು ಇಷ್ಟ. ನೇಪಲ್ಸ್ ಹತ್ತಿರ ಅಚೆರ್ರಾ ಅಂತ ಒಂದು ಊರು. ಒಂದು ಮಗುವಿನ ಆಪರೇಷನ್‌ಗೆ ದುಡ್ಡು ಕೂಡಿಸಲು ಒಂದು ಪಂದ್ಯ ಆಡಿಕೊಡಿ ಅಂತ ಮನೆಯವರು ಕೇಳಿಕೊಂಡರು. ಕ್ಲಬ್ ಒಪ್ಪಲಿಲ್ಲ. ಕಾಲಿಗೆ ಏನಾದರೂ ಆದರೆ ವಿಮೆ ಗತಿ ಏನು ಅಂತ. ಇವನು ವಿಮೆಯ ಖರ್ಚನ್ನು ತಾನೇ ಭರಿಸಿ, ತಂಡದವರನ್ನು ಕರೆದುಕೊಂಡು ಹೋದ. ಮಳೆ ಬಿದ್ದು ಕೆಸರುಗದ್ದೆಯಾದ ಮೈದಾನ. ಕಾರು ನಿಲ್ಲಿಸಿದ್ದ ಜಾಗದಲ್ಲೇ ವಾರ್ಮಪ್. ಆ ವಿಡಿಯೊ ಸಿಕ್ಕರೆ ನೋಡಿ. ತಲೆಯಿಂದ ಕಾಲಿನವರೆಗೆ ಕೆಸರು, ಆದರೂ ಫೈನಲ್ ಆಡುವ ಹಾಗೇ ಆಡುತ್ತಿದ್ದಾನೆ.

ಇನ್ನು ಮೆಕ್ಸಿಕೊ. 1986ರ ಜೂನ್ 22, ಭಾನುವಾರ. ಅಲ್ಲಿ ಮಧ್ಯಾಹ್ನ ಹನ್ನೆರಡು, ನಮಗೆ ರಾತ್ರಿ ಹನ್ನೊಂದೂವರೆ. ದೂರದರ್ಶನದಲ್ಲಿ ಬಂದ ವಿಶ್ವಕಪ್ ಅದು. ಕೇರಳ, ಬಂಗಾಳದಲ್ಲಿ ಇವತ್ತಿಗೂ ನೀಲಿ-ಬಿಳಿ ಬಾವುಟ ಹಾರುತ್ತಿದ್ದರೆ ಅದಕ್ಕೆ ಆ ಬೇಸಿಗೆಯ ರಾತ್ರಿಗಳೇ ಕಾರಣ. ನಮ್ಮ ಬೆಂಗಳೂರಿನ ಗೌತಮಪುರ ಮಾತ್ರ ಬ್ರೆಜಿಲ್ ಕಡೆ. ಅಲ್ಲಿ ಪೆಲೆಯ ಪ್ರತಿಮೆಯೇ ಇದೆ. ಗೌತಮಪುರದವರು ಯಾರಾದರೂ ಇದ್ದರೆ ಕ್ಷಮಿಸಿ, ಇವತ್ತು ನಿಮ್ಮ ದಿನ ಅಲ್ಲ.

ಕ್ವಾರ್ಟರ್‌ಫೈನಲ್, ಎದುರಾಳಿ ಇಂಗ್ಲೆಂಡ್. ಬರೀ ನಾಲ್ಕು ವರ್ಷ ಹಿಂದೆ ಫಾಕ್ಲೆಂಡ್ ದ್ವೀಪಗಳಿಗಾಗಿ ಎರಡು ದೇಶಗಳೂ ಯುದ್ಧ ಮಾಡಿದ್ದವು. ಅರ್ಜೆಂಟೀನಾದ 649 ಜನ ಸತ್ತಿದ್ದರು, ಬ್ರಿಟನ್ನಿನ 255. ಸತ್ತ ಅರ್ಜೆಂಟೀನಾದವರಲ್ಲಿ ಎಷ್ಟೋ ಜನ ಮರಡೋನಾನ ವಾರಿಗೆಯ ಹುಡುಗರು. ಪಂದ್ಯಕ್ಕೆ ಮುಂಚೆ ಅವನು 'ಇದು ಬರೀ ಆಟ' ಅಂದ. ಆಮೇಲೆ ಆತ್ಮಕಥೆಯಲ್ಲಿ, ನಾವು ಸೋಲಿಸಿದ್ದು ಒಂದು ತಂಡವನ್ನಲ್ಲ, ಒಂದು ದೇಶವನ್ನು ಅನ್ನುವ ಹಾಗಿತ್ತು ಅಂತ ಬರೆಸಿದ.

ಅಂಗಿಯ ಕಥೆ ಕೇಳಿದ್ದೀರಾ? ಆ ದಿನ ಅರ್ಜೆಂಟೀನಾ ನೀಲಿ ಅಂಗಿ ಹಾಕಬೇಕಿತ್ತು. ಇದ್ದ ನೀಲಿ ಅಂಗಿ ದಪ್ಪ ಬಟ್ಟೆಯದು, ಮೆಕ್ಸಿಕೊದ ಮಧ್ಯಾಹ್ನಕ್ಕೆ ಆಗುವುದಿಲ್ಲ ಅಂತ ಕೋಚ್ ಬಿಲಾರ್ಡೊ ಹಟ ಹಿಡಿದ. ಸಿಬ್ಬಂದಿ ಮೆಕ್ಸಿಕೊ ನಗರದ ಅಂಗಡಿಗಳಲ್ಲಿ ಹುಡುಕಾಡಿ ತೆಳು ಅಂಗಿ ತಂದರು. ಬೆನ್ನ ಮೇಲಿನ ನಂಬರಿಗೆ ಬೆಳ್ಳಿಯಂತೆ ಹೊಳೆಯುವ ಅಂಕಿಗಳನ್ನು ಇಸ್ತ್ರಿ ಮಾಡಿ ಅಂಟಿಸಿದರು. ಹಾಗೆ ಅಂಗಡಿಯಿಂದ ತಂದ ಒಂದು ಅಂಗಿ 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 71 ಲಕ್ಷ ಪೌಂಡಿಗೆ ಹೋಯಿತು. ಮಾರಿದವನು ಸ್ಟೀವ್ ಹಾಜ್, ಇಂಗ್ಲೆಂಡಿನ ಆಟಗಾರ. ಪಂದ್ಯ ಮುಗಿದ ಮೇಲೆ ಅಂಗಿ ಬದಲಾಯಿಸಿಕೊಂಡಿದ್ದ.

ಆ ಗೋಲಿಗೆ ಚೆಂಡು ಮೇಲೆ ಹಾರಿಸಿಕೊಟ್ಟವನೂ ಅದೇ ಹಾಜ್! 51ನೇ ನಿಮಿಷ. ಚೆಂಡನ್ನು ದೂರ ಒದೆಯಲು ಹೋದ, ಅದು ಹಿಂದಕ್ಕೆ, ತಮ್ಮ ಗೋಲಿನ ಕಡೆಗೇ ಎದ್ದಿತು. ಗೋಲ್‌ಕೀಪರ್ ಪೀಟರ್ ಶಿಲ್ಟನ್ ಆರಡಿ ಮನುಷ್ಯ. ಮರಡೋನಾ ಐದಡಿ ಐದಿಂಚು. ಇಬ್ಬರೂ ಹಾರಿದರು. ಇವನ ಎಡಮುಷ್ಟಿ ಮೊದಲು ತಲುಪಿತು. ಟುನೀಷಿಯಾದ ರೆಫರಿ ಅಲಿ ಬಿನ್ ನಾಸರ್ ಲೈನ್ಸ್‌ಮನ್ ಕಡೆ ನೋಡಿದ. ಬಲ್ಗೇರಿಯಾದ ದೋಚೆವ್ ಬಾವುಟ ಎತ್ತಲಿಲ್ಲ. ಗೋಲ್ ಕೊಟ್ಟರು. ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹಾಕಿಕೊಂಡೇ ಬದುಕಿದರು. ಮರಡೋನಾ ಅವತ್ತು ಹೇಳಿದ ಮಾತು ನಿಮಗೆ ಗೊತ್ತು: ಸ್ವಲ್ಪ ಮರಡೋನಾನ ತಲೆಯಿಂದ, ಸ್ವಲ್ಪ ದೇವರ ಕೈಯಿಂದ.

ಇದು ಮೋಸ. ಸುಮ್ನೆ ಸುತ್ತಿ ಬಳಸಿ ಹೇಳುವುದು ಬೇಡ. ಆದರೆ ಎಂಥ ಮೋಸ? ಮೈದಾನದೊಳಗೆ, ಒಂದು ಕ್ಷಣದಲ್ಲಿ, ಹಿಡಿಯಲು ರೆಫರಿ ಇದ್ದಾಗ ಮಾಡಿದ್ದು. ಸಿಕ್ಕಿಬಿದ್ದಿದ್ದರೆ ಒಂದು ಫ್ರೀ ಕಿಕ್, ಹೆಚ್ಚೆಂದರೆ ಹಳದಿ ಕಾರ್ಡು. 2015ರಲ್ಲಿ ಟುನೀಷಿಯಾಕ್ಕೆ ಹೋದಾಗ ಅವನು ಬಿನ್ ನಾಸರ್ ಮನೆಗೇ ಹೋಗಿ, ಸಹಿ ಹಾಕಿದ ಅಂಗಿ ಕೊಟ್ಟು ಬಂದ. ಶಿಲ್ಟನ್ ಮಾತ್ರ ಕ್ಷಮಿಸಲಿಲ್ಲ. ಕ್ಷಮೆ ಕೇಳಲೇ ಇಲ್ಲವಲ್ಲ ಅಂತ ಅವನ ದೂರು. ಅದೂ ನ್ಯಾಯವೇ.

ನಾಲ್ಕು ನಿಮಿಷದ ನಂತರದ್ದು ನೋಡಿ. ತನ್ನದೇ ಅರ್ಧದಲ್ಲಿ ಎನ್ರಿಕೆ ಕೊಟ್ಟ ಒಂದು ಸಾದಾ ಪಾಸ್. ಚೆಂಡಿನ ಜೊತೆಗೇ ಗಿರಕಿ ಹೊಡೆದು ಬಿಯರ್ಡ್ಸ್‌ಲಿ, ರೀಡ್ ಇಬ್ಬರನ್ನೂ ಬಿಟ್ಟ. ಬುಚರ್ ದಾಟಿದ, ಫೆನ್‌ವಿಕ್ ದಾಟಿದ, ಶಿಲ್ಟನ್‌ನನ್ನೂ ಸುತ್ತು ಹಾಕಿದ. ಬುಚರ್ ಹಿಂದಿನಿಂದ ಓಡಿಬಂದು ಕೊನೆಯ ಸಲ ಕಾಲು ಹಾಕಿದ. ಅಷ್ಟರಲ್ಲಿ ಚೆಂಡು ಒಳಗೆ. ಹತ್ತು ಸೆಕೆಂಡು, ಹೆಚ್ಚು ಕಡಿಮೆ 60 ಮೀಟರ್, ಪೂರ್ತಿ ಎಡಗಾಲು. ಪಂದ್ಯ ನಡೆದ ಆಜ್ಟೆಕಾ ಕ್ರೀಡಾಂಗಣದ ಹುಲ್ಲು ಆ ಸಲ ಹದವಾಗಿ ಕೂತಿರಲಿಲ್ಲ, ಚೆಂಡು ಪುಟಿಯುತ್ತಿತ್ತು. ಎದುರು ಆಡುತ್ತಿದ್ದ ಲಿನೇಕರ್, ನನಗೆ ಚಪ್ಪಾಳೆ ತಟ್ಟಬೇಕು ಅನಿಸಿತು ಅಂತ ಆಮೇಲೆ ಹೇಳಿದ. ಎನ್ರಿಕೆ ತಮಾಷೆ ಇನ್ನೂ ಚೆನ್ನಾಗಿದೆ: ನಾನು ಕೊಟ್ಟ ಅಂಥಾ ಪಾಸ್‌ಗೆ ಅವನು ಗೋಲ್ ಹೊಡೆಯದಿದ್ದರೆ ಆಗುತ್ತಿತ್ತಾ!

ಇದಕ್ಕೊಂದು ಹಿನ್ನೆಲೆ ಇದೆ. 1980ರಲ್ಲಿ ವೆಂಬ್ಲಿಯಲ್ಲಿ ಇದೇ ಇಂಗ್ಲೆಂಡ್ ವಿರುದ್ಧ ಇಂಥದ್ದೇ ಓಟ ಓಡಿ, ಕೀಪರ್ ಎದುರಿಗೆ ಬಂದಾಗ ಒದ್ದ ಚೆಂಡು ಪಕ್ಕಕ್ಕೆ ಹೋಗಿತ್ತು. ಅವನ ಪುಟ್ಟ ತಮ್ಮ ಫೋನಿನಲ್ಲಿ, ಒದೆಯಬಾರದಿತ್ತು ಅಣ್ಣ, ಕೀಪರ್‌ನ ಸುತ್ತಿ ಹೋಗಬೇಕಿತ್ತು ಅಂದನಂತೆ. ಮೆಕ್ಸಿಕೊದಲ್ಲಿ ಸುತ್ತಿ ಹೋದ.

ಸೆಮಿಫೈನಲ್‌ನಲ್ಲಿ ಬೆಲ್ಜಿಯಂ ಮೇಲೆ ಎರಡು ಗೋಲು. ಫೈನಲ್‌ನಲ್ಲಿ ಪಶ್ಚಿಮ ಜರ್ಮನಿ 2-2 ಮಾಡಿದಾಗ, 84ನೇ ನಿಮಿಷದಲ್ಲಿ ಮೂವರ ನಡುವಿನಿಂದ ಬುರುಚಾಗಾಗೆ ಒಂದು ಪಾಸ್. 3-2. ಆ ವಿಶ್ವಕಪ್‌ನಲ್ಲಿ ಅವನು ಹೊಡೆದದ್ದು ಐದು ಗೋಲು, ಹೊಡೆಸಿದ್ದು ಐದು.

ನೇಪಲ್ಸ್‌ಗೆ ವಾಪಸ್ ಬಂದ ಮೇಲೆ 1987ರ ಮೇ 10ರಂದು ನಾಪೊಲಿ ಮೊದಲ ಸಲ ಇಟಲಿಯ ಲೀಗ್ ಗೆದ್ದಿತು. ಸಾರ್ಡೀನಿಯಾ ದ್ವೀಪದ ಕಾಲಿಯಾರಿ 1970ರಲ್ಲಿ ಗೆದ್ದದ್ದು ಬಿಟ್ಟರೆ, ದಕ್ಷಿಣದ ನೆಲಕ್ಕೆ ಆ ಪ್ರಶಸ್ತಿ ಬಂದದ್ದೇ ಇಲ್ಲ. ಸ್ಮಶಾನದ ಗೋಡೆಯ ಮೇಲೆ ಯಾರೋ ಬರೆದರಂತೆ: 'ನೀವು ಏನು ಕಳೆದುಕೊಂಡಿರಿ ಅಂತ ನಿಮಗೆ ಗೊತ್ತಿಲ್ಲ.' 1989ರಲ್ಲಿ ಯುರೋಪಿನ ಕ್ಲಬ್ಬುಗಳು ಆಡುವ ಯುಇಎಫ್ಎ ಕಪ್, 1990ರಲ್ಲಿ ಮತ್ತೊಂದು ಲೀಗ್. ಅದೂ ಎಂಥ ಕಾಲದಲ್ಲಿ? ಯುವೆಂಟಸ್‌ನಲ್ಲಿ ಪ್ಲಾಟಿನಿ ಆಡಿದ್ದ, ಮಿಲಾನ್‌ನಲ್ಲಿ ಗುಲ್ಲಿಟ್ ಮತ್ತು ವಾನ್ ಬಾಸ್ಟೆನ್, ಇಂಟರ್‌ನಲ್ಲಿ ಮತ್ತೇಯುಸ್. ಇವನು ಹೋದ ಮೇಲೆ ಮುಂದಿನ ಲೀಗ್ ಗೆಲ್ಲಲು ನಾಪೊಲಿ 2023ರವರೆಗೆ ಕಾಯಬೇಕಾಯಿತು.

ಇದರ ಇನ್ನೊಂದು ಮುಖ. ಜೂಲಿಯಾನೊ ಅನ್ನುವ ಕಮೊರ್ರಾ ಕುಟುಂಬದವರ ಜೊತೆ, ಚಿಪ್ಪಿನ ಆಕಾರದ ಸ್ನಾನದ ತೊಟ್ಟಿಯ ಮುಂದೆ ನಿಂತ ಫೋಟೊ ಇದೆ. ಭಾನುವಾರ ಪಂದ್ಯ, ಆ ರಾತ್ರಿಯಿಂದ ಬುಧವಾರದವರೆಗೆ ಪಾರ್ಟಿ, ಆಮೇಲೆ ಬೆವರು ಸುರಿಸಿ ಮೈ ತೊಳೆದುಕೊಂಡು ಮತ್ತೆ ಭಾನುವಾರಕ್ಕೆ ತಯಾರಿ. ವಾರ ವಾರ ಇದೇ. ಕ್ಲಬ್ಬಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಯಲ್ಲಿ ಬೇರೆಯವರ ಮೂತ್ರ ಕೊಟ್ಟು ಪಾರಾಗುತ್ತಿದ್ದರು ಅಂತ ಅದೇ ಫೆರ್ಲೈನೊ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡ. ಚಟ ಅವನದು, ಹೌದು. ಆದರೆ ಚಟ ಮುಚ್ಚಿಟ್ಟು ಆಡಿಸಿದವರನ್ನು ನಾವು ಯಾಕೆ ಲೆಕ್ಕಕ್ಕೇ ಹಿಡಿಯುವುದಿಲ್ಲ? ಅವನು ಚೆನ್ನಾಗಿ ಆಡುವವರೆಗೆ ಯಾರಿಗೂ ಅವನನ್ನು ಆಸ್ಪತ್ರೆಗೆ ಸೇರಿಸುವ ತುರ್ತು ಇರಲಿಲ್ಲ.

ತುರ್ತು ಬಂದದ್ದು 1990ರ ವಿಶ್ವಕಪ್ ನಂತರ. ಇಟಲಿಯಲ್ಲೇ ಆ ವಿಶ್ವಕಪ್. ಸೆಮಿಫೈನಲ್ ಇಟಲಿ-ಅರ್ಜೆಂಟೀನಾ, ಅದೂ ನೇಪಲ್ಸ್‌ನಲ್ಲಿ! ಪಂದ್ಯಕ್ಕೆ ಮುಂಚೆ ಇವನು ಊರಿನವರಿಗೆ ಹೇಳಿದ: ವರ್ಷದ 364 ದಿನ ನಿಮ್ಮನ್ನು ಪರದೇಶಿಗಳ ಹಾಗೆ ನೋಡುತ್ತಾರೆ, ಇವತ್ತೊಂದು ದಿನ ಇಟಲಿಯವರಾಗಿ ಅಂತ ಕೇಳುತ್ತಾರೆ. ಗ್ಯಾಲರಿಯಲ್ಲಿ ಒಂದು ಬ್ಯಾನರ್ ಉತ್ತರ ಕೊಟ್ಟಿತು: ಮರಡೋನಾ, ನೇಪಲ್ಸ್ ನಿನ್ನನ್ನು ಪ್ರೀತಿಸುತ್ತದೆ, ಆದರೆ ಇಟಲಿ ನಮ್ಮ ದೇಶ. ಪಂದ್ಯ 1-1, ಪೆನಾಲ್ಟಿಯಲ್ಲಿ ಇಟಲಿ ಸೋತಿತು. ಇವನೂ ಒಂದು ಪೆನಾಲ್ಟಿ ಹೊಡೆದ. ರೋಮ್‌ನ ಫೈನಲ್‌ನಲ್ಲಿ ಅರ್ಜೆಂಟೀನಾದ ರಾಷ್ಟ್ರಗೀತೆಗೆ ಇಡೀ ಕ್ರೀಡಾಂಗಣ ಊಳಿಟ್ಟಿತು. ಕ್ಯಾಮೆರಾ ಮುಖದ ಮುಂದೆ ಬಂದಾಗ ಇವನು ಅಸಹ್ಯವಾಗಿ ಬೈದದ್ದು ತುಟಿಯಲ್ಲೇ ಗೊತ್ತಾಗುತ್ತದೆ. 85ನೇ ನಿಮಿಷದ ಪೆನಾಲ್ಟಿಯಿಂದ ಜರ್ಮನಿ ಗೆದ್ದಿತು.

ಒಂಬತ್ತು ತಿಂಗಳೂ ಆಗಿರಲಿಲ್ಲ. 1991ರ ಮಾರ್ಚ್ 17, ಬಾರಿ ವಿರುದ್ಧ ಪಂದ್ಯ, ಪರೀಕ್ಷೆಯಲ್ಲಿ ಕೊಕೇನ್. 15 ತಿಂಗಳ ನಿಷೇಧ. ಏಪ್ರಿಲ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಬಂಧನ, ಕ್ಯಾಮೆರಾಗಳ ಎದುರಿಗೇ. ಇದು ಸೇಡು ಅಂತ ಅವನು ಹೇಳುತ್ತಿದ್ದ. ನಾನು ಅಷ್ಟು ದೂರ ಹೋಗುವುದಿಲ್ಲ. ಕೊಕೇನ್ ಅವನ ಮೈಯಲ್ಲಿ ಇತ್ತಲ್ಲ. ಆದರೆ ಅಷ್ಟು ವರ್ಷ ಅವನನ್ನು ಕಾಪಾಡುತ್ತಿದ್ದ ಕೈಗಳು ಆ ಸಲ ಕಾಪಾಡಲಿಲ್ಲ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಎಲ್ಲರೂ ಎರಡನ್ನೂ ಸೇರಿಸಿ 'ಡ್ರಗ್ಸ್' ಅಂದುಬಿಡುತ್ತಾರೆ. 1991ರದ್ದು ಕೊಕೇನ್. ವಾರಪೂರ್ತಿ ನಿದ್ದೆ, ಊಟ, ತರಬೇತಿ ಕೆಡಿಸಿದ ಚಟ ಅದು. ಆಡಿದ್ದು ಅದರಿಂದಲ್ಲ, ಅದರ ನಡುವೆಯೂ. 1994ರದ್ದು ಎಫೆಡ್ರಿನ್. ದಣಿವು ತಡೆಯುವ, ತೂಕ ಇಳಿಸಲು ಬಳಸುವ ವಸ್ತು. ನಿಯಮದ ಪ್ರಕಾರ ಅದೇ ನಿಜವಾದ ಡೋಪಿಂಗ್. ಕೊಲಂಬಿಯಾ ವಿರುದ್ಧ ತನ್ನ ನೆಲದಲ್ಲೇ 0-5 ಸೋತ ಅರ್ಜೆಂಟೀನಾ ಇವನನ್ನು ಮತ್ತೆ ಕರೆಸಿಕೊಂಡಿತು. 33 ವರ್ಷ. ಗಡಿಬಿಡಿಯಲ್ಲಿ ತೂಕ ಇಳಿಸಿದ. ಅಮೆರಿಕದಲ್ಲಿ ನಡೆದ ವಿಶ್ವಕಪ್‌ನಲ್ಲಿ ಗ್ರೀಸ್ ಮೇಲೆ ಗೋಲ್ ಹೊಡೆದು, ಕಣ್ಣು ಕಿಸಿದು, ಕ್ಯಾಮೆರಾದೊಳಗೆ ಕಿರುಚಿದ್ದು ನಿಮಗೆ ನೆನಪಿರಬಹುದು. ನೈಜೀರಿಯಾ ಪಂದ್ಯ ಮುಗಿದಾಗ ಒಬ್ಬ ನರ್ಸ್ ಬಂದು ಕೈಹಿಡಿದು ಪರೀಕ್ಷೆಗೆ ಕರೆದುಕೊಂಡು ಹೋದಳು. ಇವನು ನಗುತ್ತಾ ಹೋದ. 'ನನ್ನ ಕಾಲು ಕತ್ತರಿಸಿದರು' ಅಂತ ಆಮೇಲೆ ಅತ್ತ. ತರಬೇತುದಾರ ಕೊಟ್ಟ ಪೌಷ್ಟಿಕ ಪುಡಿಯಿಂದ ಆಯಿತು, ನನಗೆ ಗೊತ್ತಿರಲಿಲ್ಲ ಅಂದ. ಇರಬಹುದು. ಆದರೆ ತನ್ನ ಬಾಯಿಗೆ ಏನು ಹೋಗುತ್ತಿದೆ ಅಂತ ನೋಡಿಕೊಳ್ಳುವುದು ಆಟಗಾರನ ಜವಾಬ್ದಾರಿ. ಇಲ್ಲಿ ನನಗೆ ಅವನ ಪರ ವಾದ ಮಾಡಲು ಏನೂ ಸಿಗುವುದಿಲ್ಲ. ದೇಶಕ್ಕಾಗಿ ಅದೇ ಅವನ ಕೊನೆಯ ಪಂದ್ಯ. 91 ಪಂದ್ಯ, 34 ಗೋಲು.

2001ರ ನವೆಂಬರ್‌ನಲ್ಲಿ ಬೊಕಾ ಕ್ರೀಡಾಂಗಣದಲ್ಲಿ ಬೀಳ್ಕೊಡುಗೆ. ಮೈಕ್ ಹಿಡಿದು ಹೇಳಿದ: ನಾನು ತಪ್ಪು ಮಾಡಿದೆ, ಬೆಲೆ ತೆತ್ತೆ, ಆದರೆ ಚೆಂಡಿಗೆ ಕಲೆ ಅಂಟುವುದಿಲ್ಲ. ಎಲ್ಲರೂ ಅತ್ತರು. ಆ ವಿಡಿಯೊ ನೋಡಿದರೆ ನನಗೂ ಗಂಟಲು ಕಟ್ಟುತ್ತದೆ. ಆದರೂ ಕೇಳಲೇಬೇಕು, ಬೆಲೆ ತೆತ್ತದ್ದು ಅವನೊಬ್ಬನೇನಾ?

1986ರ ಸೆಪ್ಟೆಂಬರ್‌ನಲ್ಲಿ, ವಿಶ್ವಕಪ್ ಗೆದ್ದು ಮೂರು ತಿಂಗಳೊಳಗೆ, ನೇಪಲ್ಸ್‌ನಲ್ಲಿ ಒಂದು ಗಂಡುಮಗು ಹುಟ್ಟಿತು. ತಾಯಿ ಈ ಮಗು ಮರಡೋನಾನದು ಅಂದಳು. ಇವನು ಅಲ್ಲ ಅಂದ. ಡಿಎನ್‌ಎ ಪರೀಕ್ಷೆಗೆ ಬರಲಿಲ್ಲ. 1993ರಲ್ಲಿ ಇಟಲಿಯ ನ್ಯಾಯಾಲಯ ಇವನೇ ತಂದೆ ಅಂತ ತೀರ್ಪು ಕೊಟ್ಟಿತು. ಆಗಲೂ ಒಪ್ಪಲಿಲ್ಲ. ಆ ಹುಡುಗ ಬೆಳೆದು ಫುಟ್‌ಬಾಲ್ ಆಟಗಾರನೇ ಆದ. ಬಹಿರಂಗವಾಗಿ ಮಗ ಅಂತ ಅಪ್ಪಿಕೊಂಡದ್ದು 2016ರಲ್ಲಿ. ಲೆಕ್ಕ ಹಾಕಿ, ಮೂವತ್ತು ವರ್ಷ. ಅದೂ ಅಪ್ಪನ ಚಿತ್ರವೇ ಗೋಡೆ ಗೋಡೆಯ ಮೇಲೆ ಇರುವ ಊರಿನಲ್ಲಿ ಬೆಳೆಯುವುದು ಹೇಗಿರುತ್ತದೆ? ಕೈಯಿಂದ ಹೊಡೆದ ಗೋಲಿಗಿಂತ ಇದು ಎಷ್ಟೋ ಪಟ್ಟು ಭಾರ ಅಂತ ನಾನು ಹೇಳುವುದು ಇದಕ್ಕೇ.

1994ರ ಫೆಬ್ರವರಿಯಲ್ಲಿ ಮನೆಯ ಮುಂದೆ ಕಾದಿದ್ದ ಪತ್ರಕರ್ತರ ಮೇಲೆ ಏರ್‌ಗನ್‌ನಿಂದ ಹೊಡೆದ. ಕೆಲವರಿಗೆ ಗಾಯವಾಯಿತು. ಎರಡು ವರ್ಷ ಹತ್ತು ತಿಂಗಳ ಶಿಕ್ಷೆ ಆಯಿತು, ಜೈಲಿಗೆ ಹೋಗಬೇಕಾಗಲಿಲ್ಲ. 2014ರಲ್ಲಿ ಆಗಿನ ಗೆಳತಿಯ ಜೊತೆ ಜಗಳದ ವಿಡಿಯೊ ಹೊರಬಂತು. ಹೊಡೆಯಲಿಲ್ಲ, ಫೋನ್ ಎಸೆದೆ ಅಷ್ಟೇ ಅಂದ. 2021ರಲ್ಲಿ, ಅವನು ತೀರಿಕೊಂಡ ಮೇಲೆ, ಕ್ಯೂಬಾದ ಮಹಿಳೆಯೊಬ್ಬರು ಇನ್ನೂ ಗಂಭೀರವಾದ ಆರೋಪ ಮಾಡಿದರು. ಅವನು ಚಿಕಿತ್ಸೆಗೆ ಕ್ಯೂಬಾದಲ್ಲಿದ್ದಾಗ ತನಗೆ 16 ವರ್ಷ, ಅವನಿಗೆ ನಲವತ್ತು, ತನ್ನ ಮೇಲೆ ಅತ್ಯಾಚಾರ ಆಗಿತ್ತು ಅಂತ. ಇದು ಆರೋಪ, ಉತ್ತರ ಕೊಡಲು ಅವನಿಲ್ಲ. ಆದರೆ ಅಭಿಮಾನಿಗಳಾದ ನಾವು ಇದನ್ನು ಕೇಳಿಸಿಕೊಳ್ಳದವರ ಹಾಗೆ ಇರುವುದು ಸರಿಯಲ್ಲ. ಎರಡನೇ ಗೋಲನ್ನು ನೂರು ಸಲ ನೋಡುವ ತಾಳ್ಮೆ ಇರುವವರಿಗೆ ಇದನ್ನು ಒಂದು ಸಲ ಓದುವ ತಾಳ್ಮೆ ಇರಬೇಕು.

ರಾಜಕೀಯದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕಾಲಿನ ಮೇಲೆ ಕ್ಯೂಬಾದ ಕಮ್ಯುನಿಸ್ಟ್ ನಾಯಕ ಕ್ಯಾಸ್ಟ್ರೊ ಹಚ್ಚೆ, ತೋಳಿನ ಮೇಲೆ ಚೆ ಗೆವಾರ. 2005ರಲ್ಲಿ ಬುಷ್ ವಿರುದ್ಧದ ಮೆರವಣಿಗೆಗೆ ರೈಲು ಹತ್ತಿ ಹೋದ. 2008ರಲ್ಲಿ ಕೋಲ್ಕತಾಗೆ ಬಂದಾಗ ಜ್ಯೋತಿ ಬಸು ಅವರನ್ನು ಮನೆಗೆ ಹೋಗಿ ಕಂಡ. 2012ರಲ್ಲಿ ಇಲ್ಲೇ ಪಕ್ಕದ ಕಣ್ಣೂರಿಗೆ ಒಂದು ಒಡವೆ ಅಂಗಡಿ ಉದ್ಘಾಟನೆಗೆ ಬಂದು ವೇದಿಕೆ ಮೇಲೆ ಕುಣಿದ. ಕ್ರಾಂತಿಯೂ ಅವನೇ, ಚಿನ್ನದಂಗಡಿಯೂ ಅವನೇ! ಅರ್ಜೆಂಟೀನಾ ತಂಡದ ಕೋಚ್ ಆಗಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಬೊಲಿವಿಯಾದಲ್ಲಿ 6-1 ಸೋಲು, 2010ರ ವಿಶ್ವಕಪ್‌ನಲ್ಲಿ ಜರ್ಮನಿ ಎದುರು 4-0 ಸೋಲು.

ತೆರಿಗೆ ವಿಷಯ ಮಾತ್ರ ಬಿಡುವ ಹಾಗಿಲ್ಲ, ಯಾಕೆಂದರೆ ಅದರ ಕೊನೆ ಹೆಚ್ಚಿನವರಿಗೆ ಗೊತ್ತಿಲ್ಲ. 3.7 ಕೋಟಿ ಯೂರೊ ಬಾಕಿ ಅಂತ ಇಟಲಿ ಬೆನ್ನು ಹತ್ತಿತ್ತು, ಅದರಲ್ಲಿ ಬಹುಪಾಲು ಬಡ್ಡಿ, ದಂಡ. ಇಟಲಿಗೆ ಕಾಲಿಟ್ಟರೆ ಸಾಕು, ಪೊಲೀಸರು ಬರುತ್ತಿದ್ದರು. ಒಮ್ಮೆ ರೋಲೆಕ್ಸ್ ಗಡಿಯಾರ ಕಿತ್ತುಕೊಂಡರು, ಇನ್ನೊಮ್ಮೆ ಕಿವಿಯ ಓಲೆ. ಓಲೆಯನ್ನು ಹರಾಜೂ ಹಾಕಿದರು. 'ತೆರಿಗೆಗಳ್ಳ' ಅನ್ನುವ ಹೆಸರು ಖಾಯಂ ಆಯಿತು. 2024ರ ಜನವರಿಯಲ್ಲಿ ಇಟಲಿಯ ಸರ್ವೋಚ್ಚ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಅವನು ಸತ್ತು ಮೂರು ವರ್ಷ ಆಗಿತ್ತು.

ತೀರಿಕೊಂಡದ್ದು 2020ರ ನವೆಂಬರ್ 25. ಮೆದುಳಿನ ಹತ್ತಿರ ರಕ್ತ ಹೆಪ್ಪುಗಟ್ಟಿ ಆಪರೇಷನ್ ಆಗಿತ್ತು. ಬಾಡಿಗೆ ಮನೆಯೊಂದರಲ್ಲಿ ಇಟ್ಟು ಆರೈಕೆ ಮಾಡುತ್ತಿದ್ದರು. ಅಲ್ಲೇ ಹೃದಯ ನಿಂತಿತು. 60 ವರ್ಷ. ಮೂರು ದಿನ ರಾಷ್ಟ್ರೀಯ ಶೋಕ, ಅಧ್ಯಕ್ಷರ ಭವನದಲ್ಲೇ ದರ್ಶನ, ಹೊರಗೆ ನೂಕುನುಗ್ಗಲು, ಅಶ್ರುವಾಯು. ನೇಪಲ್ಸ್ ಕ್ರೀಡಾಂಗಣಕ್ಕೆ ಅವನ ಹೆಸರು ಇಟ್ಟಿತು. ಅದೇ ವಾರ ಸ್ಪೇನ್‌ನಲ್ಲಿ ಮಹಿಳೆಯರ ಪಂದ್ಯವೊಂದರಲ್ಲಿ ಒಬ್ಬ ಆಟಗಾರ್ತಿ ಮೌನಾಚರಣೆಗೆ ನಿಲ್ಲದೆ, ಬೆನ್ನು ತಿರುಗಿಸಿ ನೆಲದ ಮೇಲೆ ಕೂತಳು. ನವೆಂಬರ್ 25 ಮಹಿಳೆಯರ ಮೇಲಿನ ದೌರ್ಜನ್ಯ ತಡೆಯುವ ಅಂತರರಾಷ್ಟ್ರೀಯ ದಿನವೂ ಹೌದು. ಆ ಸಂತ್ರಸ್ತರಿಗೆ ಒಂದು ನಿಮಿಷ ಕೊಡಲಿಲ್ಲ, ಹಾಗಾಗಿ ಇವನಿಗೂ ಕೊಡುವುದಿಲ್ಲ ಅಂದಳು. ಅವಳಿಗೆ ಕೊಲೆ ಬೆದರಿಕೆಗಳು ಬಂದವು. ಆ ಬೆದರಿಕೆ ಹಾಕಿದವರೂ ಮರಡೋನಾ ಅಭಿಮಾನಿಗಳೇ, ನನ್ನ ನಿಮ್ಮ ಹಾಗೆ.

ಆರೈಕೆಯಲ್ಲಿ ನಿರ್ಲಕ್ಷ್ಯ ಆಯಿತು ಅಂತ ವೈದ್ಯರು, ಸಿಬ್ಬಂದಿ ಸೇರಿ ಏಳು ಜನರ ಮೇಲೆ 2025ರ ಮಾರ್ಚ್‌ನಲ್ಲಿ ವಿಚಾರಣೆ ಶುರುವಾಯಿತು. ಮೇ ತಿಂಗಳಲ್ಲಿ ಅದೂ ರದ್ದು. ಯಾಕೆ ಗೊತ್ತಾ? ಮೂವರು ನ್ಯಾಯಾಧೀಶರಲ್ಲಿ ಒಬ್ಬರು ಈ ಕೇಸಿನ ಬಗ್ಗೆಯೇ ಒಂದು ಸಾಕ್ಷ್ಯಚಿತ್ರದಲ್ಲಿ ಗುಟ್ಟಾಗಿ ಭಾಗವಹಿಸುತ್ತಿದ್ದರು ಅಂತ ಬಯಲಾಯಿತು. ಎಲ್ಲವನ್ನೂ ಮೊದಲಿಂದ ಶುರು ಮಾಡಿ ಅಂತ ಆದೇಶವಾಯಿತು.

ಈಗ ನಿಮ್ಮ ಪ್ರಶ್ನೆಗಳು. ನನ್ನ ತೂಕದ ಲೆಕ್ಕ ತಪ್ಪು ಅನಿಸಿದರೆ ಜಗಳಕ್ಕೂ ಬನ್ನಿ, ಸಂತೋಷ. ಮೆಸ್ಸಿ ದೊಡ್ಡವನೋ ಮರಡೋನಾ ದೊಡ್ಡವನೋ ಅನ್ನುವುದು ಮಾತ್ರ ಬೇಡ, ಅದಕ್ಕೆ ಕಾಫಿ ಆದ ಮೇಲೆ ಹೊರಗೆ ಸಿಗೋಣ.